ಬರಿಗಾಲಿನ ಪಯಣ

ಕಪಿಲಾ ನದಿಯ ದಡದಲ್ಲಿರುವ ನಂಜನಗೂಡು ಶ್ರೀಕಂಠೇಶ್ವರನ ಕ್ಷೇತ್ರವೆಂದು ನಾಡಿಗೆಲ್ಲ ಪರಿಚಿತವಾಗಿದೆ. ಅಲ್ಲಿನ ದೇವಾಲಯದಲ್ಲಿ ಅರವತ್ತುಮೂವರು ಪುರಾತನರ ಶಿಲಾಮೂರ್ತಿಗಳು ಸಾಲಾಗಿ ನಿಂತಿವೆ. ಆ ಸಾಲಿನಲ್ಲಿ ಅರಸರಿದ್ದಾರೆ, ಕುಂಬಾರನಿದ್ದಾನೆ, ಅಗಸನಿದ್ದಾನೆ. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡರ ಕಣ್ಣಪ್ಪನೂ ಇದ್ದಾನೆ. ಹುಟ್ಟು ಬೇರೆ, ಕಸುಬು ಬೇರೆ. ಭಕ್ತಿಯೊಂದೇ ಅವರನ್ನು ಒಂದು ಸಾಲಿಗೆ ತಂದಿತು. ಈ ಊರಿನಲ್ಲಿ ಹುಟ್ಟಿದ ಒಬ್ಬ ಹುಡುಗನ ಬಾಳಿನಲ್ಲಿಯೂ ಅಂಥದೇ ಒಂದು ಸಾಲು ಕೂಡಿ ಬಂದಿತು. ಅವನನ್ನು ಅಲ್ಲಿ ಕೂಡಿಸಿದ್ದು ಕಲೆ. ಆ ಹುಡುಗನೇ ಮುಂದೆ ಜಿ. ವಿ. ಅಯ್ಯರ್ ಎಂದು ಹೆಸರಾದ ಗಣಪತಿ ವೆಂಕಟರಮಣ ಅಯ್ಯರ್.

ಅಯ್ಯರ್ ಅವರು ಹುಟ್ಟಿದ್ದು 1917ರ ಸೆಪ್ಟೆಂಬರ್ 3ರಂದು. ಎಂಟು ವರ್ಷದ ಬಾಲಕನಾಗಿದ್ದಾಗಲೇ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯನ್ನು ಸೇರಿದರು. 1884ರಲ್ಲಿ ಆರಂಭವಾದ ಆ ಕಂಪೆನಿ ಆಗ ಕನ್ನಡ ನಾಡಿನ ಊರೂರುಗಳಲ್ಲಿ ಮೆರೆಯುತ್ತಿತ್ತು. 1934ರಲ್ಲಿ ಆಡಿದ ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ಅದು ಜನರನ್ನು ಬೆರಗುಗೊಳಿಸಿತು.

ಈ ವೈಭವವೆಲ್ಲ ಪರದೆಯ ಮುಂದಿನದು. ಪರದೆಯ ಹಿಂದಿನ ಬಾಳು ಕಠಿಣವಾಗಿತ್ತು. ನಾಟಕ ಮುಗಿಯುವಾಗ ಬೆಳಗಿನ ಜಾವವಾಗುತ್ತಿತ್ತು. ಬಣ್ಣ ಒರೆಸಿಕೊಂಡು ತುಸು ನಿದ್ರೆ ಮಾಡಿದರೆ ಮತ್ತೆ ಹಾರ್ಮೋನಿಯಂ ಎದುರಿನಲ್ಲಿ ಹಾಡಿನ ಅಭ್ಯಾಸ, ಮಾತುಗಳ ಬಾಯಿಪಾಠ. ಮಳೆ ಹಿಡಿದರೆ ಪ್ರೇಕ್ಷಕರಿಲ್ಲ. ಪ್ರೇಕ್ಷಕರಿಲ್ಲದಿದ್ದರೆ ಸಂಬಳದ ಮಾತೂ ಇಲ್ಲ. ಒಂದು ಊರಿಗೆ ಹೊಂದಿಕೊಳ್ಳುವಷ್ಟರಲ್ಲಿ ಡೇರೆ ಕಿತ್ತು ಮುಂದಿನ ಊರಿಗೆ ಹೊರಡಬೇಕಾಗುತ್ತಿತ್ತು. ಆದರೂ ಕಂಪೆನಿಯ ಹುಡುಗರಿಗೆ ಅದೇ ಪಾಠಶಾಲೆಯಾಯಿತು. ಶುದ್ಧವಾದ ಉಚ್ಚಾರಣೆ, ಪುರಾಣಗಳ ಪರಿಚಯ, ತಾಳಜ್ಞಾನ, ಹಸಿವನ್ನು ತೋರಗೊಡದೆ ನಗುವ ಶಕ್ತಿ, ಇವೆಲ್ಲವೂ ಅವರಿಗೆ ಅಲ್ಲಿ ಒದಗಿದುವು.

1943ರಲ್ಲಿ ತೆರೆಕಂಡ ರಾಧಾರಮಣ ಚಿತ್ರದ ಮೂಲಕ ಅಯ್ಯರ್ ಬೆಳ್ಳಿತೆರೆಗೆ ಬಂದರು. ಅದೇ ವರ್ಷ, ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ವಾಣಿ ಎಂಬ ಚಿತ್ರವನ್ನು ತಯಾರಿಸಿದ್ದರು. ಹೀಗೆ ಒಂದೇ ಹೊಳೆಯ ದಡದ ಇಬ್ಬರು ಕಲಾವಿದರು ಕನ್ನಡ ಚಿತ್ರರಂಗದ ಎಳೆತನದಲ್ಲಿ ಅದರ ಕೈ ಹಿಡಿದರು.

1954ರಲ್ಲಿ ಬೇಡರ ಕಣ್ಣಪ್ಪ ಚಿತ್ರ ಹೊರಬಂದಿತು. ನಂಜನಗೂಡಿನ ಗುಡಿಯಲ್ಲಿ ಕಲ್ಲಾಗಿ ನಿಂತಿದ್ದ ಕಣ್ಣಪ್ಪನ ಕಥೆಯಲ್ಲಿ ನಂಜನಗೂಡಿನ ಅಯ್ಯರ್ ಅವರೂ ಒಂದು ಪಾತ್ರ ವಹಿಸಿದರು. ಚಿತ್ರವೇನೋ ಯಶಸ್ವಿಯಾಯಿತು. ಆದರೆ ಆ ದಿನಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದೇ ವಿರಳ. ಅವುಗಳ ಚಿತ್ರೀಕರಣವೂ ಬಹುಮಟ್ಟಿಗೆ ಮದರಾಸಿನಲ್ಲಿ ನಡೆಯುತ್ತಿತ್ತು. ತೆರೆಯ ಮೇಲೆ ಹೆಸರು ಗಳಿಸಿದವರಿಗೂ ನಾಳಿನ ಕೆಲಸದ ಭರವಸೆಯಿರಲಿಲ್ಲ.

ಇಂಥ ಹೊತ್ತಿನಲ್ಲಿ ನಾಲ್ವರು ನಟರು ಒಂದುಗೂಡಿದರು. ಒಬ್ಬರು ಗಾಜನೂರಿನ ಮುತ್ತುರಾಜ, ಎಂದರೆ ರಾಜಕುಮಾರ್. ಗುಬ್ಬಿ ಕಂಪೆನಿಯ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗನಾದ ಇವರು ಶಾಲೆಯನ್ನು ಬೇಗನೆ ಬಿಟ್ಟು ತಂದೆಯ ಜೊತೆಯಲ್ಲಿ ರಂಗವನ್ನೇರಿದ್ದವರು. ಇನ್ನೊಬ್ಬರು ತಿಪಟೂರಿನ ನರಸಿಂಹರಾಜು. ಎಳವೆಯಿಂದಲೇ ಬಣ್ಣ ಹಚ್ಚಿದವರು. ಮತ್ತೊಬ್ಬರು ಅರಸೀಕೆರೆಯ ಬಾಲಕೃಷ್ಣ. ಇವರಿಗೆ ಕಿವಿ ಮಂದವಾಗಿತ್ತು. ಎದುರಿನ ನಟನ ತುಟಿಯ ಚಲನೆಯನ್ನು ನೋಡಿ ಮಾತಿಗೆ ಮಾತು ಜೋಡಿಸುತ್ತಿದ್ದರು; ಪ್ರೇಕ್ಷಕರಿಗೆ ಆ ಕೊರತೆಯ ಸುಳಿವೇ ಸಿಗುತ್ತಿರಲಿಲ್ಲ. ನಾಲ್ಕನೆಯವರು ಅಯ್ಯರ್. ನಾಲ್ವರ ಊರು ಬೇರೆ, ಮನೆತನ ಬೇರೆ. ಎಲ್ಲರನ್ನೂ ಬೆಳೆಸಿದ ತಾಯಿ ಮಾತ್ರ ಒಬ್ಬಳೇ, ಅವಳು ವೃತ್ತಿರಂಗಭೂಮಿ.

ಇವರು ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು ಊರೂರಿಗೆ ಹೋಗಿ ನಾಟಕಗಳನ್ನು ಆಡಿದರು. ಚಿತ್ರದ ನಾಯಕರೆನಿಸಿಕೊಂಡ ಮೇಲೆ ಮತ್ತೆ ನಾಟಕಕ್ಕೆ ಇಳಿಯುವುದೇ ಎಂಬ ಸಂಕೋಚ ಅವರನ್ನು ಕಾಡಲಿಲ್ಲ. ಈ ಒಗ್ಗಟ್ಟಿನ ಫಲವಾಗಿ 1960ರಲ್ಲಿ ರಣಧೀರ ಕಂಠೀರವ ಚಿತ್ರ ಮೂಡಿಬಂದಿತು. 17ನೆಯ ಶತಮಾನದಲ್ಲಿ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಕಥೆಗೆ ಅಯ್ಯರ್ ಅವರೇ ಮಾತುಗಳನ್ನೂ ಹಾಡುಗಳನ್ನೂ ಬರೆದರು. ಕೆಲಸ ಸಿಗಲಿಲ್ಲವೆಂದು ಕೈಕಟ್ಟಿ ಕೂರದೆ ಕಲಾವಿದರು ತಾವೇ ಕೆಲಸವನ್ನು ಸೃಷ್ಟಿಸಿಕೊಂಡ ಪ್ರಸಂಗವಿದು.

1962ರಲ್ಲಿ ಅಯ್ಯರ್ ಭೂದಾನ ಚಿತ್ರವನ್ನು ನಿರ್ದೇಶಿಸಿದರು. ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರೂ ಅದರಲ್ಲಿ ನಟಿಸಿದರು. ಆಮೇಲೂ ಜನಪ್ರಿಯ ಚಿತ್ರಗಳ ಹಾದಿಯಲ್ಲೇ ಸಾಗಿದ್ದರೆ ಅವರ ಬಾಳು ಸುಗಮವಾಗಿರುತ್ತಿತ್ತು. ಆದರೆ ಐವತ್ತು ದಾಟಿದ ವಯಸ್ಸಿನಲ್ಲಿ ಅವರು ಹೊಸ ಹಾದಿ ಹಿಡಿದರು. ಎಸ್. ಎಲ್. ಭೈರಪ್ಪನವರ ವಂಶವೃಕ್ಷ ಕಾದಂಬರಿಯನ್ನು ಚಿತ್ರವಾಗಿ ನಿರ್ಮಿಸಲು ಮುಂದಾದರು. ಅದರ ಶ್ರೀನಿವಾಸ ಶ್ರೋತ್ರಿಯರ ಮನೆ ಇರುವುದು ನಂಜನಗೂಡಿನಲ್ಲಿಯೇ. ನಿರ್ದೇಶನದ ಹೊಣೆಯನ್ನು ತಮಗಿಂತ ಕಿರಿಯರಾದ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರಿಗೆ ಒಪ್ಪಿಸಿದರು. ಕಾರಂತರೂ ಬಾಲ್ಯದಲ್ಲಿ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪೆನಿ ಸೇರಿದ್ದವರೇ. ಆ ಚಿತ್ರದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಮುಂದೆ 1975ರಲ್ಲಿ ತ. ರಾ. ಸು. ಅವರ ಹಂಸಗೀತೆ ಕಾದಂಬರಿಯನ್ನು ಅಯ್ಯರ್ ತೆರೆಗೆ ತಂದರು. 1983ರಲ್ಲಿ ಅವರು ನಿರ್ದೇಶಿಸಿದ ಆದಿ ಶಂಕರಾಚಾರ್ಯ ಸಂಸ್ಕೃತ ಭಾಷೆಯ ಮೊದಲ ಚಲನಚಿತ್ರ. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಗೌರವ ಲಭಿಸಿತು. ಮಧ್ವಾಚಾರ್ಯ, ರಾಮಾನುಜಾಚಾರ್ಯ ಚಿತ್ರಗಳು ಬಳಿಕ ಬಂದುವು. ಸಂಸ್ಕೃತದಲ್ಲಿಯೇ ತಯಾರಾದ ಭಗವದ್ಗೀತೆಗೂ ಅದೇ ಅತ್ಯುನ್ನತ ಪ್ರಶಸ್ತಿ ಸಂದಿತು. ಎಂಟನೆಯ ವಯಸ್ಸಿಗೇ ನಾಟಕ ಕಂಪೆನಿ ಸೇರಿದ ಬಾಲಕ ಆಚಾರ್ಯತ್ರಯರ ತತ್ತ್ವವನ್ನು ತೆರೆಯ ಮೇಲೆ ತರುವವರೆಗೆ ಬೆಳೆದದ್ದು ಸಾಮಾನ್ಯ ಸಾಧನೆಯಲ್ಲ.

ಇಷ್ಟಾದರೂ ಅವರ ಉಡುಗೆ ನಡಿಗೆಗಳು ಬದಲಾಗಲಿಲ್ಲ. ಖಾದಿ ಬಟ್ಟೆಯನ್ನುಟ್ಟು, ಪಾದರಕ್ಷೆಯಿಲ್ಲದೆ ಎಲ್ಲೆಡೆಯೂ ಓಡಾಡುತ್ತಿದ್ದರು. ಬರಿಗಾಲಿನ ನಿರ್ದೇಶಕರೆಂದೇ ಜನ ಅವರನ್ನು ಗುರುತಿಸಿದರು. 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು.

ರಂಗದ ಮೇಲೆ ನಿಂತ ನಟನನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ. ಅವನು ಎಲ್ಲಿಂದ ಬಂದನು, ಯಾವ ಹಸಿವನ್ನು ನುಂಗಿಕೊಂಡು ಆ ಮಾತುಗಳನ್ನು ಕಲಿತನು ಎಂಬುದನ್ನು ಪರದೆ ಮರೆಮಾಡುತ್ತದೆ. ನಂಜನಗೂಡಿನ ದೇವಾಲಯದಲ್ಲಿ ಅರವತ್ತುಮೂವರ ಸಾಲನ್ನು ನೋಡುವ ಅವಕಾಶ ದೊರೆತಾಗ ಕಣ್ಣಪ್ಪನ ಮುಂದೆ ಒಂದು ಕ್ಷಣ ನಿಲ್ಲಿರಿ. ಕೆಲಸವಿಲ್ಲದ ದಿನಗಳಲ್ಲಿ ಮತ್ತೆ ಊರೂರು ಅಲೆದ ಆ ನಾಲ್ವರು ಕಲಾವಿದರನ್ನೂ ನೆನೆಯಿರಿ.