ನೆಟ್ಟ ನೆರಳು: ರವೀಂದ್ರನಾಥ ಠಾಕೂರರ ಬಯಲು ಶಾಲೆ

ಶಾಂತಿನಿಕೇತನವೆಂದೊಡನೆ ಮರದ ನೆರಳಿನಲ್ಲಿ ಗುರುವಿನ ಸುತ್ತ ಕುಳಿತ ಮಕ್ಕಳ ಚಿತ್ರ ಕಣ್ಣೆದುರು ಬರುತ್ತದೆ. ಇದನ್ನು ಪ್ರಾಚೀನ ತಪೋವನದ ಮರುಸೃಷ್ಟಿಯೆಂದು ಓದುವ ಕ್ರಮ ರೂಢಿಯಲ್ಲಿದ್ದು, ಸ್ವತಃ ರವೀಂದ್ರನಾಥ ಠಾಕೂರರೂ (1861-1941) ಅಂಥ ಓದಿಗೆ ಇಂಬು ಕೊಟ್ಟಿದ್ದಾರೆ. ಆದರೆ ಅವರ ಜೀವನದ ವಿವರಗಳು ಬೇರೊಂದು ಸಂಗತಿಯನ್ನು ಮುಂದಿಡುತ್ತವೆ. ಬಂಗಾಳದ ಬೀರಭೂಮ್ ಜಿಲ್ಲೆಯ ಬೋಲ್‌ಪುರದ ಸಮೀಪದ ಆ ನೆಲ ಕಾಡಾಗಿರಲಿಲ್ಲ. ಅದು ಮುರಕಲ್ಲಿನ ಕೆಂಪು ಬಯಲು. ಮಳೆನೀರು ಕೊರೆದ ಅಲ್ಲಿನ ಕೊರಕಲುಗಳಿಗೆ ಸ್ಥಳೀಯರು 'ಖೋಯಾಯಿ' ಎನ್ನುತ್ತಾರೆ. 1863ರಲ್ಲಿ ತಂದೆ ದೇವೇಂದ್ರನಾಥರು 20 ಬಿಘಾ ಭೂಮಿಯನ್ನು ಪಡೆದಾಗ ಅಲ್ಲಿ ಹೆಸರಿಸುವಂತೆ ಇದ್ದವು ಎರಡು ಛಾತಿಮ್ ಮರಗಳು, ಎಂದರೆ ಕನ್ನಡದ ಹಾಲೆಮರಗಳು. ಸಾಲವೃಕ್ಷಗಳ ಹಾದಿ, ಮಾವಿನ ತೋಪುಗಳೆಲ್ಲ ಆಮೇಲೆ ನೆಟ್ಟು ಬೆಳೆಸಿದವು.

ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ ರವೀಂದ್ರರ ಬಾಲ್ಯ ಕಳೆದದ್ದು ಆಳುಗಳ ಕಾವಲಿನಲ್ಲಿ. ಆಳೊಬ್ಬನು ಸೀಮೆಸುಣ್ಣದಿಂದ ಸುತ್ತ ಗೆರೆಯೆಳೆದು, ದಾಟಿದರೆ ಸೀತೆಗಾದ ಗತಿಯೇ ಎಂದು ಹೆದರಿಸಿ ಹೊರಟುಹೋಗುತ್ತಿದ್ದ. ರಾಮಾಯಣ ಬಲ್ಲ ಬಾಲಕ ಅಲುಗಾಡದೆ ಕುಳಿತು, ಕಿಟಕಿಯಾಚೆಯ ಕೊಳವನ್ನೂ ಅದರ ದಡದ ಆಲದ ಮರವನ್ನೂ ನೋಡುತ್ತಿದ್ದ. ಶಾಲೆಗಳು ಒಂದರ ನಂತರ ಒಂದಾಗಿ ಬದಲಾದವು, ಯಾವುದೂ ಹಿಡಿಸಲಿಲ್ಲ. 1873ರಲ್ಲಿ ಉಪನಯನವಾದ ಬಳಿಕ ತಂದೆಯೊಡನೆ ಹಿಮಾಲಯಕ್ಕೆ ಹೊರಟಾಗ ಮೊದಲು ತಂಗಿದ್ದು ಬೋಲ್‌ಪುರದಲ್ಲಿ. ಹನ್ನೊಂದರ ಹುಡುಗ ದಿನವಿಡೀ ಕೊರಕಲುಗಳಲ್ಲಿ ಅಲೆದು, ಅಂಗಿಯ ಸೆರಗಿನಲ್ಲಿ ಬಣ್ಣಬಣ್ಣದ ಕಲ್ಲುಗಳನ್ನು ತುಂಬಿ ತಂದು ತಂದೆಯ ಮುಂದೆ ಸುರಿಯುತ್ತಿದ್ದ. ದೇವೇಂದ್ರನಾಥರು ಗದರಲಿಲ್ಲ. ಒಂದು ಕಡೆ ಜಿನುಗುವ ನೀರಿನ ಸೆಲೆ ಸಿಕ್ಕಿತೆಂದು ಮಗ ಹೇಳಿದಾಗ, ತಮ್ಮ ಬಳಕೆಗೆ ಅದೇ ನೀರನ್ನು ತರಿಸಿದರು. ಡಾಲ್‌ಹೌಸಿಯಲ್ಲಿ ರಾತ್ರಿ ನಕ್ಷತ್ರಗಳನ್ನು ತೋರಿಸಿ ಖಗೋಳವನ್ನು ಕಲಿಸಿದರು. ಮಗುವಿನ ಶೋಧವನ್ನು ಹಿರಿಯರು ಗಂಭೀರವಾಗಿ ಸ್ವೀಕರಿಸಬೇಕೆಂಬ ತತ್ತ್ವದ ಬೇರನ್ನು ಉಪನಿಷತ್ತಿಗಿಂತ ಮೊದಲು ಈ ನೀರಿನ ಸೆಲೆಯಲ್ಲಿಯೇ ಹುಡುಕುವುದು ಉಚಿತ.

1901ರ ಡಿಸೆಂಬರ್ 22ರಂದು ಬೆರಳೆಣಿಕೆಯ ಮಕ್ಕಳೊಂದಿಗೆ ಬ್ರಹ್ಮಚರ್ಯಾಶ್ರಮ ಆರಂಭವಾಯಿತು. ಖರ್ಚಿಗಾಗಿ ಪತ್ನಿ ಮೃಣಾಲಿನೀದೇವಿಯವರ ಒಡವೆಗಳು ಮಾರಾಟವಾದವು. ಮೊದಲ ವರ್ಷಗಳಲ್ಲಿ ಪಂಕ್ತಿಯಲ್ಲಿ ಜಾತಿಭೇದ ನಡೆದಿತ್ತೆಂಬುದನ್ನೂ, ಅದು ಅಳಿಯಲು ಕಾಲ ಹಿಡಿಯಿತೆಂಬುದನ್ನೂ ಮರೆಮಾಚಲಾಗದು. ಪಾಠಗಳು ಬಯಲಿನಲ್ಲಿ ನಡೆಯುತ್ತಿದ್ದವು. ವಿಜ್ಞಾನದ ಅಧ್ಯಾಪಕ ಜಗದಾನಂದ ರಾಯರು ಮಕ್ಕಳಿಗೆ ದೂರದರ್ಶಕದಲ್ಲಿ ಆಕಾಶ ತೋರಿಸುತ್ತಿದ್ದರು. ಕೀಟ, ಗಿಡಮರ, ಗ್ರಹನಕ್ಷತ್ರಗಳ ಬಗೆಗೆ ಬಂಗಾಳಿಯಲ್ಲಿ ಪುಸ್ತಕಗಳನ್ನು ಬರೆದರು. ಹೊರಾಂಗಣ ಕಲಿಕೆಯೆಂದರೆ ಕೇವಲ ಭಾವಪರವಶತೆಯೆಂಬ ಆಕ್ಷೇಪಕ್ಕೆ ಇವರೊಬ್ಬರ ಕೆಲಸವೇ ಸಾಕಷ್ಟು ಉತ್ತರ.

ಇದೇ ಅವಧಿಯಲ್ಲಿ ಸಾವುಗಳು ಎರಗಿದವು. 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1904ರಲ್ಲಿ ಸಿಡುಬಿನಿಂದ ತರುಣ ಅಧ್ಯಾಪಕ ಸತೀಶಚಂದ್ರ ರಾಯ್, 1905ರಲ್ಲಿ ತಂದೆ. 1907ರ ಆರಂಭದಲ್ಲಿ ಕಿರಿಯ ಮಗ ಶಮೀಂದ್ರನಾಥನು ವಸಂತ ಪಂಚಮಿಯಂದು ಗೆಳೆಯರನ್ನು ಕೂಡಿಸಿಕೊಂಡು ಋತು ಉತ್ಸವವೊಂದನ್ನು ನಡೆಸಿದ. ನವೆಂಬರಿನಲ್ಲಿ ಮುಂಗೇರ್‌ನಲ್ಲಿ ಕಾಲರಾಕ್ಕೆ ಬಲಿಯಾದ. ಮರುವರ್ಷ ರವೀಂದ್ರರು ಆಶ್ರಮದ ಮಕ್ಕಳಿಗಾಗಿ 'ಶಾರದೋತ್ಸವ' ನಾಟಕವನ್ನು ಬರೆದರು. ಮುಂದೆ ಪ್ರಸಿದ್ಧವಾದ ಶಾಂತಿನಿಕೇತನದ ಋತು ಉತ್ಸವಗಳು ಬಾಲಕನೊಬ್ಬನ ಆಟದಿಂದ ಮೊದಲಾದವೆಂಬುದು ಗಮನಾರ್ಹ.

ಪರೀಕ್ಷೆಯನ್ನು ಮಾತ್ರ ಈ ಶಾಲೆ ಮೀರಲಾಗಲಿಲ್ಲ. ಮಕ್ಕಳು ಕಲ್ಕತ್ತ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್‌ಗೆ ಓದಲೇಬೇಕಿತ್ತು. ಪೋಷಕರ ನಿರೀಕ್ಷೆಯೂ ಅದೇ. ಈ ಒತ್ತಡವಿಲ್ಲದ ಕಲಿಕೆಯನ್ನು ಹುಡುಕಿ ಅವರು 1924ರಲ್ಲಿ ಬಡ ಹಳ್ಳಿಮಕ್ಕಳಿಗಾಗಿ ಶಿಕ್ಷಾಸತ್ರವನ್ನು ತೆರೆದರು. ಲೆನರ್ಡ್ ಎಲ್ಮ್‌ಹರ್ಸ್ಟ್ ಅದರ ರೂಪುರೇಷೆಗೆ ನೆರವಾದರು. ಅಮೆರಿಕದ ಇಲಿನಾಯ್‌ನಲ್ಲಿ ಕೃಷಿ ಕಲಿತು ಬಂದಿದ್ದ ಸಂತೋಷಚಂದ್ರ ಮಜುಂದಾರರು ಅದನ್ನು ನಡೆಸಿದರು. 1926ರಲ್ಲಿ ಅವರೂ ತೀರಿಕೊಂಡರು. ಮರುವರ್ಷ ಶಾಲೆ ಶ್ರೀನಿಕೇತನಕ್ಕೆ ಸ್ಥಳಾಂತರಗೊಂಡಿತು. ಇಲ್ಲಿ ತೋಟದ ಕೆಲಸ, ಅಡುಗೆ, ನೇಯ್ಗೆಗಳು ಪಾಠದ ಭಾಗಗಳಾದವು. ನೋಡಿ ನಲಿಯುವುದರಿಂದ ನೆಟ್ಟು ನೀರೆರೆಯುವುದರತ್ತ ಅವರ ಶಿಕ್ಷಣಚಿಂತನೆ ಹೊರಳಿದ್ದು ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ.

1928ರ ಜುಲೈ 14ರಂದು ಶಾಂತಿನಿಕೇತನದಲ್ಲಿ ವೃಕ್ಷಾರೋಪಣ ಉತ್ಸವ ನಡೆಯಿತು. ಪಂಚಭೂತಗಳನ್ನು ಆವಾಹಿಸುವ ಪದ್ಯಗಳನ್ನು ರವೀಂದ್ರರು ಅದಕ್ಕಾಗಿ ರಚಿಸಿದರು. ಅಂದು ಓದಿದ 'ಬಲಾಯಿ' ಕಥೆ ಸಂಭ್ರಮಕ್ಕೆ ಒಗ್ಗುವಂಥದಲ್ಲ. ತಾಯಿಯಿಲ್ಲದ ಬಾಲಕ ಬಲಾಯಿ ಹುಲ್ಲು ಕೊಯ್ದರೂ ನೋಯುವವನು. ತೋಟದ ದಾರಿಯ ನಡುವೆ ಹುಟ್ಟಿದ ಬೂರುಗದ ಸಸಿಯನ್ನು ಬೇಡಿಕೊಂಡು ಉಳಿಸಿಕೊಳ್ಳುತ್ತಾನೆ. ಅವನು ದೂರ ಹೋದ ಮೇಲೆ ಚಿಕ್ಕಪ್ಪ ಮರವನ್ನು ಕಡಿಸುತ್ತಾನೆ. ಮರದ ಫೋಟೋ ಬೇಕೆಂದು ಹುಡುಗನ ಪತ್ರ ಬರುವ ಹೊತ್ತಿಗೆ ಮರವೇ ಇಲ್ಲ. ಹಬ್ಬದ ದಿನ ಹಿರಿಯರೂ ಕೂಡಿದ ಸಭೆಯಲ್ಲಿ ಈ ಕಥೆಯನ್ನೇ ಓದಿದ್ದರಿಂದ, ಪ್ರಕೃತಿಪ್ರೇಮದ ಪಾಠ ಯಾರಿಗೆ ಬೇಕಾಗಿದೆಯೆಂಬ ಪ್ರಶ್ನೆ ಮಕ್ಕಳಿಂದ ಹಿರಿಯರತ್ತ ತಿರುಗಿತು.

1941ರ ಆಗಸ್ಟ್ 7ರಂದು, ಬಂಗಾಳಿ ಪಂಚಾಂಗದ ಶ್ರಾವಣ 22ರಂದು, ರವೀಂದ್ರರು ಹುಟ್ಟಿದ ಮನೆಯಲ್ಲಿಯೇ ಕೊನೆಯುಸಿರೆಳೆದರು. ತರುವಾಯ ಶಾಂತಿನಿಕೇತನದ ವೃಕ್ಷಾರೋಪಣವು ಶ್ರಾವಣ 22ರಂದು ನಡೆಯುವ ವಾಡಿಕೆ ಬೆಳೆಯಿತು.