ಗಣಿಗೂ ಕೆರೆಗೂ ಒಬ್ಬರೇ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಹಿರಿಯೂರು, ಹೊಸದುರ್ಗ ಕಡೆಯ ಗೆಳೆಯರು ರಜೆ ಮುಗಿಸಿ ಹಾಸ್ಟೆಲಿಗೆ ಬಂದರೆ ಮೊದಲು ಹೇಳೋ ಸುದ್ದಿ ಒಂದೇ: ವಾಣಿವಿಲಾಸ ಸಾಗರದಲ್ಲಿ ಈಗ ಎಷ್ಟು ಅಡಿ ನೀರಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಇದನ್ನು ಕಟ್ಟಿಸಿದ್ದು ಯಾರು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ತಟ್ಟನೆ ವಿಶ್ವೇಶ್ವರಯ್ಯ ಅಂತಾರೆ. ಆದರೆ ಕೆಲಸ ಶುರುವಾದ 1898ರಲ್ಲಿ ಸರ್ ಎಂ.ವಿ. ಇನ್ನೂ ಬಾಂಬೆ ಪ್ರಾಂತ್ಯದ ಸೇವೆಯಲ್ಲಿದ್ದರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್.

ಅವರು ಹುಟ್ಟಿದ್ದು 1845ರ ಜೂನ್ 1ರಂದು, ಇಂದಿನ ಕೇರಳದ ಪಾಲಕ್ಕಾಡಿನ ಹತ್ತಿರ. ತಂದೆ ಕಲ್ಲಿಕೋಟೆಯಲ್ಲಿ ವಕೀಲರು. ಮಗು ಇನ್ನೂ ಚಿಕ್ಕದಿರುವಾಗಲೇ ಅವರು ತೀರಿಕೊಂಡರು. ಸಾಕಿ ಓದಿಸಿದ್ದು ಅಣ್ಣ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1868ರಲ್ಲಿ ರಂಗಾಚಾರ್ಲು ಅವರ ಕರೆಯ ಮೇಲೆ ಮೈಸೂರು ಸೇವೆಗೆ ಬಂದರು.

ಬಂದು ಹತ್ತು ವರ್ಷ ಆಗೋದರೊಳಗೆ ಕಂಡದ್ದು 1876–78ರ ಭೀಕರ ಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. 1883ರಲ್ಲಿ ರಂಗಾಚಾರ್ಲು ತೀರಿಕೊಂಡಾಗ ದಿವಾನಗಿರಿ ಇವರ ಹೆಗಲಿಗೆ ಬಂತು. ಖಜಾನೆ ಬರಿದು, ತಲೆ ಮೇಲೆ ಸಾಲ, ಕೈಯಲ್ಲಿ ಮಳೆ ನಂಬಿದ ನಾಡು. ದುಡ್ಡೂ ಬೇಕು, ನೀರೂ ಬೇಕು.

ದುಡ್ಡಿನ ಒಂದು ದಾರಿ ಕೋಲಾರದ ಚಿನ್ನದ ಗಣಿ ತೋರಿಸಿತು. ಅವರ ಕಾಲದಲ್ಲೇ ಅಲ್ಲಿ ಗಣಿಗಾರಿಕೆ ಬೇರೂರಿ, ರಾಜಧನ ಸರ್ಕಾರಕ್ಕೆ ಬರತೊಡಗಿತು. 1887ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಂಸ್ಥಾನದ ಚಿನ್ನದ ಶಿಲಾಪಟ್ಟಿಗಳನ್ನು ಸುತ್ತಿ ನೋಡಿದರು. ಚಿತ್ರದುರ್ಗದ ಮೇಲೆ ಹಾದು ಚಿಕ್ಕನಾಯಕನಹಳ್ಳಿ ಕಡೆಗೆ ಹೋಗುವ ಪಟ್ಟಿಯೂ ಅದರಲ್ಲಿತ್ತು. 1894ರಲ್ಲಿ ಮೈಸೂರಿಗೆ ತನ್ನದೇ ಭೂವಿಜ್ಞಾನ ಇಲಾಖೆ ಬಂತು. ಇಂದಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅದೇ. ಗಣಿಗೆ ವಿದ್ಯುತ್ ಕೊಡಲು ಶಿವನಸಮುದ್ರ ಯೋಜನೆಗೆ ಕೈ ಹಾಕಿದವರೂ ಇವರೇ. 1902ರಲ್ಲಿ ಸುಮಾರು 147 ಕಿ.ಮೀ. ತಂತಿಯಲ್ಲಿ ಕರೆಂಟ್ ಹರಿದು ಕೋಲಾರ ತಲುಪಿತು.

ನೀರಿನ ದಾರಿ ಚಿತ್ರದುರ್ಗದ ಬೆಟ್ಟಸಾಲಿನಲ್ಲಿತ್ತು. ಹೊಸದುರ್ಗದ ಕಡೆಯಿಂದ ಬರುವ ವೇದಾವತಿ ಇಲ್ಲಿ ಬೆಟ್ಟಗಳ ನಡುವಿನ ಇಕ್ಕಟ್ಟಾದ ಸಂದಿಯಲ್ಲಿ ನುಗ್ಗಿ ಹಿರಿಯೂರಿನ ಬಯಲಿಗೆ ಇಳಿಯುತ್ತದೆ. ಕಣಿವೆ ಮಾರಮ್ಮನ ಹೆಸರಿನಿಂದ ಜಾಗ ಮಾರಿಕಣಿವೆ ಆಯಿತು. ಆ ಸಂದಿಗೆ ಕಲ್ಲಿನ ಕಟ್ಟೆ ಕಟ್ಟಿದರೆ ಹಿಂದೆ 30 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತದೆ. 1898ರಲ್ಲಿ ಶುರುವಾದ ಕೆಲಸ ಮುಗಿದದ್ದು 1907ರಲ್ಲಿ. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. ಆರೋಗ್ಯ ಕೆಟ್ಟು ಅಧಿಕಾರ ಬಿಟ್ಟವರು 1901ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಕೋಲಾರಕ್ಕೆ ಹೋದ ಕರೆಂಟನ್ನೂ ಅವರು ನೋಡಲಿಲ್ಲ.

ಅವರ ಮೇಲೆ ದೂರುಗಳೂ ಇದ್ದವು. ದೊಡ್ಡ ಹುದ್ದೆಗಳೆಲ್ಲ ಮದರಾಸಿನವರ ಪಾಲಾಗುತ್ತಿವೆ ಅಂತ ಮೈಸೂರಿನವರು ಗೊಣಗುತ್ತಿದ್ದರು. ಅದನ್ನು ಮುಚ್ಚಿಡೋದು ಬೇಡ. ಆದರೆ ನಮ್ಮನ್ನು ಕಾಡಿದ್ದು ಬೇರೆ ವಿಷಯ. ನೆಲ ಅಗೆಯುವ ಕೆಲಸ, ನೀರು ಹಿಡಿಯುವ ಕೆಲಸ ಎರಡನ್ನೂ ಒಬ್ಬರೇ ಆಡಳಿತಗಾರರು ನಡೆಸಿದರು. ಅವೆರಡೂ ಒಂದಕ್ಕೊಂದು ಎದುರು ನಿಂತರೆ ಏನಾಗುತ್ತೆ?

ಗಣಿ ಅಂದರೆ ಲೆಕ್ಕಕ್ಕೆ ಒಂದು ದೊಡ್ಡ ಬಾವಿ. ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಶಾಫ್ಟ್ ಇಳಿಸಿದ ದಿನದಿಂದ ಸುತ್ತಲಿನ ನೀರು ಒಳಗೆ ಬಸಿಯುತ್ತದೆ. ಕೆಲಸ ನಡೀಬೇಕು ಅಂದರೆ ಹಗಲೂ ರಾತ್ರಿ ಪಂಪ್ ಮಾಡಲೇಬೇಕು. ಆಗ ಗಣಿಯ ಸುತ್ತ ನೀರಿನ ಮಟ್ಟ ಆಲಿಕೆಯ ಹಾಗೆ ತಗ್ಗುತ್ತದೆ. ಹತ್ತಿರದ ತೋಡುಬಾವಿ ಮೊದಲು ಒಣಗುತ್ತದೆ, ಆಮೇಲೆ ಬೋರ್‌ವೆಲ್.

ಕಲ್ಲಿದ್ದಲಿನ ಗಣಿಯಲ್ಲಿ ಇನ್ನೊಂದು ಹೆಜ್ಜೆ ಇದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ, ಪಕ್ಕದ ತೆಲಂಗಾಣದ ಸಿಂಗರೇಣಿಯಲ್ಲಿದೆ. ಅಗಲವಾದ ಪದರವನ್ನು ತೆಗೆದ ಮೇಲೆ ಚಾವಣಿಯ ಬಂಡೆ ಕುಸಿಯುತ್ತದೆ, ಬಿರುಕು ಮೇಲಕ್ಕೆ ಹಬ್ಬುತ್ತದೆ, ಕೊನೆಗೆ ನೆಲವೇ ತಗ್ಗುತ್ತದೆ. ಮೇಲಿನ ಪದರಗಳಲ್ಲಿ ನಿಂತಿದ್ದ ನೀರು ಬಿರುಕಿನಲ್ಲಿ ಕೆಳಗಿಳಿದು ಹೋಗಬಹುದು. ಖಾಲಿ ಜಾಗಕ್ಕೆ ಮರಳು ತುಂಬಿದರೆ ಕುಸಿತ ಕಡಿಮೆಯಾಗುತ್ತದೆ, ಆದರೆ ಅದಕ್ಕೆ ಖರ್ಚು ಜಾಸ್ತಿ.

ಚಿತ್ರದುರ್ಗದ ಕಥೆ ಗಟ್ಟಿ ಬಂಡೆಯದು. ಇಲ್ಲಿ ನೀರು ಇರೋದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ಗಣಿ ಒಂದು ಒಳ್ಳೆಯ ಬಿರುಕನ್ನು ಕತ್ತರಿಸಿದರೆ ದೂರದ ಬಾವಿಗೂ ಪೆಟ್ಟು ಬೀಳಬಹುದು. ಕತ್ತರಿಸದಿದ್ದರೆ ಪಕ್ಕದ ಬಾವಿಗೂ ಏನೂ ಆಗದೆ ಇರಬಹುದು. ಅಗೆಯುವ ಮುಂಚೆ ಬಿರುಕುಗಳ ನಕ್ಷೆ ಬೇಕು ಅನ್ನೋದು ಅದಕ್ಕೇ.

ಚಿತ್ರದುರ್ಗ ನಗರದ ಹತ್ತಿರ ಇಂಗಳದಾಳಿನಲ್ಲಿ ತಾಮ್ರದ ಭೂಗತ ಗಣಿ ಇತ್ತು, ಈಗ ಮುಚ್ಚಿದೆ. ಮಾರಿಕಣಿವೆ ಕಟ್ಟೆ ಆತುಕೊಂಡು ನಿಂತಿರುವ ಶಿಲಾಪಟ್ಟಿಯೇ ಅಲ್ಲೂ ಇರೋದು. ಗಣಿ ಮುಚ್ಚಿದ ಮೇಲೆ ನೀರಿನ ಲೆಕ್ಕ ಮುಗಿಯೋದಿಲ್ಲ. ಪಂಪ್ ನಿಂತರೆ ಸುರಂಗಗಳಲ್ಲಿ ನೀರು ಮತ್ತೆ ಏರುತ್ತದೆ. 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದಲ್ಲೂ ಹೀಗೇ ನೀರು ತುಂಬಿತು. ಗಂಧಕ ಬೆರೆತ ಅದಿರಿನ ಗಣಿಗಳಲ್ಲಿ ಪೈರೈಟ್, ಗಾಳಿ, ನೀರು ಮೂರೂ ಸೇರಿದರೆ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ಅದು ಲೋಹಗಳನ್ನು ಕರಗಿಸಿಕೊಂಡು ಹರಿಯಬಲ್ಲದು. ಹಾಗಾಗಿ ಗಣಿ ಮುಚ್ಚಿದ ಮೇಲೂ ಸುತ್ತಲಿನ ಬಾವಿಗಳ ನೀರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತಿರಬೇಕು.

ಶೇಷಾದ್ರಿ ಅಯ್ಯರ್ ಕಾಲದಲ್ಲಿ ಈ ಲೆಕ್ಕಕ್ಕೆ ಬೇಕಾದ ವಿಜ್ಞಾನ ಇನ್ನೂ ಎಳೆಯದು. ಆದರೂ ನೆಲ ಅಗೆಯುವ ನಾಡಿಗೆ ನೆಲ ಓದುವ ಇಲಾಖೆಯೂ ಇರಬೇಕು ಅನ್ನೋದು ಅವರ ಆಡಳಿತಕ್ಕೆ ಹೊಳೆದಿತ್ತು. ಮುಂದೆ ರಾಜ್ಯದ ಅಂತರ್ಜಲವನ್ನು ಬಹಳ ವರ್ಷ ಅಳೆದದ್ದೂ ಅದೇ ಇಲಾಖೆ.

ಹೊಳಲ್ಕೆರೆಯ ಅಡಿಕೆ ತೋಟಕ್ಕೆ ಸಾವಿರ ಅಡಿ ಬೋರ್ ಕೊರೆಸುವಾಗ ನಾವೂ ಒಂದು ಸಣ್ಣ ಗಣಿ ತೋಡುತ್ತಿದ್ದೀವಿ. ನಾಳೆ ನಮ್ಮಲ್ಲೇ ಯಾರೋ ಒಬ್ಬರು ಗಣಿಯ, ಸುರಂಗದ ನಕ್ಷೆಗೆ ಸಹಿ ಹಾಕುತ್ತಾರೆ. ಎಷ್ಟು ಅದಿರು ಬರುತ್ತೆ ಅನ್ನುವ ಕಾಲಮ್ಮಿನ ಪಕ್ಕದಲ್ಲೇ ಎಷ್ಟು ಬಾವಿ ಒಣಗುತ್ತೆ ಅನ್ನುವ ಕಾಲಮ್ಮೂ ಇರಲಿ. ಅದು ಖಾಲಿ ಇದ್ದರೆ ಸಹಿ ಹಾಕೋದು ಬೇಡ.