ಕನ್ನಡಕ ಬೇಡವೆಂದ ಕಣ್ಣಿನ ಡಾಕ್ಟರ್: ಆ ಫಾರ್ವರ್ಡ್ ಹಿಂದಿನ ಕಥೆ

ಮಕ್ಕಳ ಕನ್ನಡಕ ಬಿಡಿಸುವ ವ್ಯಾಯಾಮಗಳ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಂಗೈಯಿಂದ ಕಣ್ಣು ಮುಚ್ಚಿ ಕೂರುವುದು, ಮೈಯನ್ನು ಅತ್ತಿತ್ತ ತೂಗುವುದು, ಸೂರ್ಯನನ್ನು ನೋಡುವುದು. ಇವನ್ನು ಮಾಡಿದರೆ ಪವರ್ ಇಳಿಯುತ್ತದಂತೆ, ಕನ್ನಡಕ ಹಾಕಿದರೆ ಏರುತ್ತದಂತೆ. ನಮ್ಮ ಹಿರಿಯರ ಗುಟ್ಟು ಎಂದು ಹೇಳಿಕೊಂಡು ತಿರುಗುವ ಈ ಮೂರನ್ನೂ ಒಟ್ಟು ಸೇರಿಸಿ ಚಿಕಿತ್ಸೆ ಎಂದು ಪ್ರಚಾರ ಮಾಡಿದವರು ನ್ಯೂಯಾರ್ಕಿನ ಕಣ್ಣಿನ ವೈದ್ಯ ವಿಲಿಯಂ ಬೇಟ್ಸ್.

ಬೇಟ್ಸ್ ನಕಲಿ ಡಾಕ್ಟರ್ ಆಗಿರಲಿಲ್ಲ. 1860ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ, 1885ರಲ್ಲಿ ವೈದ್ಯ ಪದವಿ ಪಡೆದು, ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದರು, ಪಾಠವನ್ನೂ ಹೇಳಿದರು. ಅಡ್ರಿನಲ್ ಗ್ರಂಥಿಯ ಸಾರವನ್ನು ಕಣ್ಣಿಗೆ ಬಳಸುವ ಬಗ್ಗೆ 1896ರಲ್ಲಿ ಅವರು ಬರೆದ ಲೇಖನಕ್ಕೆ ಇಂದಿಗೂ ಬೆಲೆಯಿದೆ.

1902ರಲ್ಲಿ ಅವರು ಇದ್ದಕ್ಕಿದ್ದಂತೆ ಕಾಣೆಯಾದರು. ಹುಡುಕಿಕೊಂಡು ಹೋದ ಹೆಂಡತಿಗೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಿಕ್ಕಾಗ ಅವರಿಗೆ ಹಿಂದಿನದೇನೂ ನೆನಪಿರಲಿಲ್ಲವಂತೆ. ಎರಡೇ ದಿನಕ್ಕೆ ಮತ್ತೆ ಮಾಯ! ಎಷ್ಟೋ ವರ್ಷಗಳ ಮೇಲೆ ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಊರಲ್ಲಿ ವೈದ್ಯವೃತ್ತಿ ಮಾಡುತ್ತಿದ್ದುದು ಪತ್ತೆಯಾಗಿ, 1910ರ ಹೊತ್ತಿಗೆ ನ್ಯೂಯಾರ್ಕಿಗೆ ಮರಳಿದರು.

ಮಕ್ಕಳ ವಿಷಯ ಬರುವುದು ಇಲ್ಲಿ. ಗ್ರ್ಯಾಂಡ್ ಫೋರ್ಕ್ಸ್‌ನ ಶಾಲೆಗಳಲ್ಲಿ ಬೇಟ್ಸ್ ಕಣ್ಣಿನ ಪರೀಕ್ಷೆಯ ಅಕ್ಷರದ ಚಾರ್ಟ್ ತೂಗುಹಾಕಿಸಿದ್ದರು. ಮಕ್ಕಳು ದಿನಾ ದೂರದಿಂದ ಅದನ್ನು ಓದಬೇಕು. ಇದರಿಂದ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ತೊಂದರೆ, ತಡೆಯಬಹುದು ಎಂದು ವೈದ್ಯ ಪತ್ರಿಕೆಯಲ್ಲಿ ಬರೆದರು. ನಮಗೆ ಇಲ್ಲೇ ಅನುಮಾನ. ಅಭ್ಯಾಸಕ್ಕೂ ಅದೇ ಚಾರ್ಟ್, ಪರೀಕ್ಷೆಗೂ ಅದೇ ಚಾರ್ಟ್. ದಿನಾ ಓದಿದ ಮಗುವಿಗೆ ಅಕ್ಷರಗಳು ಬಾಯಿಪಾಠವಾಗದೆ ಇರುತ್ತವೆಯೇ?

1920ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ತಂದರು. ಹತ್ತಿರ, ದೂರ ನೋಡುವಾಗ ಕಣ್ಣಿನೊಳಗಿನ ಮಸೂರ ಬದಲಾಗುವುದೇ ಇಲ್ಲ, ಹೊರಗಿನ ಸ್ನಾಯುಗಳು ಇಡೀ ಗುಡ್ಡೆಯನ್ನು ಒತ್ತುತ್ತವೆ, ಆ ಬಿಗಿ ಸಡಿಲಿಸಿದರೆ ಕನ್ನಡಕ ಬೇಕಿಲ್ಲ ಎಂಬುದು ಅವರ ವಾದ. ಇದು ತಪ್ಪೆಂದು ನಿಮಗೇ ಗೊತ್ತಾಗುವ ಒಂದು ಸಂದರ್ಭವಿದೆ. ಕಣ್ಣಿನ ಆಸ್ಪತ್ರೆಯಲ್ಲಿ ಮಗುವಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲ ಗಂಟೆ ಹತ್ತಿರದ ಅಕ್ಷರ ಓದಲಾಗುವುದಿಲ್ಲ. ಕಣ್ಣನ್ನು ಅತ್ತಿತ್ತ ಹೊರಳಿಸಲು ಏನೂ ಅಡ್ಡಿಯಿಲ್ಲ, ಅಂದರೆ ಹೊರಗಿನ ಸ್ನಾಯುಗಳು ಸರಿಯಾಗಿಯೇ ಇವೆ. ಡ್ರಾಪ್ಸ್ ಸಡಿಲಿಸಿದ್ದು ಮಸೂರವನ್ನು ಹಿಡಿದಿರುವ ಒಳಗಿನ ಸ್ನಾಯುವನ್ನು.

ದಾರಿ ತಪ್ಪಿದ್ದಾರೆಂದು 1929ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅವರ ಜಾಹೀರಾತಿನ ಮೇಲೆ ದೂರು ಹೊರಿಸಿತು. 1931ರಲ್ಲಿ ಬೇಟ್ಸ್ ತೀರಿಕೊಂಡರು. ಅವರ ವಿಧಾನ ಮಾತ್ರ ಸಾಯಲಿಲ್ಲ. ಹದಿಹರೆಯದಲ್ಲೇ ಕಣ್ಣಿನ ಕಾಯಿಲೆಯಿಂದ ಬಹುಪಾಲು ದೃಷ್ಟಿ ಕಳೆದುಕೊಂಡಿದ್ದ ಲೇಖಕ ಆಲ್ಡಸ್ ಹಕ್ಸ್‌ಲಿ ಅದನ್ನು ಹೊಗಳಿ 1942ರಲ್ಲಿ ಪುಸ್ತಕ ಬರೆದರು. ಹೆಸರಾಂತ ಲೇಖಕ ಹೇಳಿದರೆ ಕೇಳಬೇಕೆ?

ಅಂಗೈ ಮುಚ್ಚಿ ಕೂತರೆ ಹಾಯೆನಿಸುತ್ತದೆ, ನಾವೂ ಮಾಡಿ ನೋಡಿದ್ದೇವೆ. ಅದರಿಂದ ಕೆಡುಕಿಲ್ಲ. ಆದರೆ ಮಕ್ಕಳ ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಗುಡ್ಡೆಯೇ ಹಿಂದಕ್ಕೆ ಉದ್ದ ಬೆಳೆದಿರುತ್ತದೆ. ಒಂದು ಮಿಲಿಮೀಟರ್ ಉದ್ದವಾದರೆ ಪವರ್ ಸುಮಾರು ಎರಡೂವರೆ ಏರುತ್ತದೆ. ಬೆಳೆದದ್ದನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡುವುದಿಲ್ಲ. ಇನ್ನು ಸೂರ್ಯನನ್ನು ದಿಟ್ಟಿಸಿದರೆ ಅಕ್ಷಿಪಟವೇ ಸುಡಬಹುದು. ಆ ಸಾಲು ಇರುವ ಫಾರ್ವರ್ಡನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

ಬಯಲ ಬೆಳಕಿನಿಂದ ಉಪಯೋಗವಿದೆ, ಅದು ಬೇರೆಯೇ ಲೆಕ್ಕ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರ್ಧ ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ಶೇ. 30ರಷ್ಟು ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂತು. ಉಳಿದ ಶಾಲೆಗಳಲ್ಲಿ ಶೇ. 40ರಷ್ಟು. ಈಗಾಗಲೇ ಪವರ್ ಇರುವ ಮಗುವಿಗೆ ಸರಿಯಾದ ನಂಬರಿನ ಕನ್ನಡಕ ಹಾಕಿಸಿ. ಬೇಗ ಏರುತ್ತಿದ್ದರೆ ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಅಥವಾ ವಿಶೇಷ ಲೆನ್ಸ್ ಬೇಕೇ ಎಂದು ಕಣ್ಣಿನ ವೈದ್ಯರನ್ನೇ ಕೇಳಿ.